ಆಟದ ಯಂತ್ರಗಳ ಪೈಪೋಟಿಯೂ ನಮ್ಮ ಹುಡುಗಿಯರ ಸರದಿಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ದುಬೈ, ಮಸ್ಕತ್ ಮತ್ತು ಬೆಂಗಳೂರುಗಳಲ್ಲಿ ಸಂಸಾರ ಹೂಡಿರುವವರು, ಹುಡುಗಿಯರ ವಿರಾಮದ ಕೋಣೆಗೆ ಒಂದು ವೀಡಿಯೋ ಗೇಮ್ ಯಂತ್ರವನ್ನು ದಾನವಾಗಿ ಕೊಡುವ ಇಚ್ಛೆಯನ್ನು ತಿಳಿಸಿರುತ್ತಾರೆ. ಇಚ್ಛೆಯು ಒಂದೇ ಆದಾಗ್ಯೂ ಯಂತ್ರವು ಒಂದೇ ಅಲ್ಲ. ಒಬ್ಬರು ಸೋನಿ ಕಂಪೆನಿಯ ಪ್ಲೇಸ್ಟೇಶನನ್ನು, ಇನ್ನೊಬ್ಬರು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸನ್ನು, ಮತ್ತೊಬ್ಬರು ನಿಂಟೆಂಡೋದವರ ಸ್ವಿಚ್ಚನ್ನು ಹೊಗಳಿ ಬರೆದಿರುವರು. ಅತ್ತ ಕಾಪು, ಕಾರ್ಕಳ ಕಡೆಯ ಕೆಲವು ಹೆತ್ತವರು ಇವು ಯಾವವೂ ಬೇಡ, ಹೆಣ್ಣುಮಕ್ಕಳಿಗೆ ಈ ಹುಚ್ಚನ್ನು ಹಿಡಿಸುವದು ತರವಲ್ಲವೆಂದು ನಮ್ಮೊಡನೆ ಹೇಳಿರುವದೂ ಉಂಟು. ಉಭಯ ಪಕ್ಷದವರಿಗೂ ಬೇರೆಬೇರೆಯಾಗಿ ಉತ್ತರ ಬರೆಯುವದಕ್ಕಿಂತ ಈ ಸ್ಮರಣಸಂಚಿಕೆಯಲ್ಲಿಯೇ ನಮ್ಮ ಅಭಿಪ್ರಾಯವನ್ನು ತಿಳಿಸುವದು ಮೇಲೆಂದು ತೋರಿತು.

ಈ ಯಂತ್ರಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಮೊದಲನೆಯ ಯಂತ್ರವಾದ ಮ್ಯಾಗ್ನವಾಕ್ಸ್ ಒಡಿಸ್ಸಿಯು ಅಮೇರಿಕದಲ್ಲಿ ಹೊರಬಂದದ್ದು ೧೯೭೨ರಲ್ಲಿ. ನಿಂಟೆಂಡೋ ಕಂಪೆನಿಯಂತೂ ೧೮೮೯ರಲ್ಲಿಯೇ ಜಪಾನಿನ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳುಳ್ಳ ಆಟದ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಪ್ರಾರಂಭವಾಯಿತು. (ಇಸ್ಪೀಟಿನ ಹೆಸರೆತ್ತಿದರೆ ಮುಖ ಸಿಂಡರಿಸುವ ನಮ್ಮ ಹಿರಿಯರು ಈ ಸಂಗತಿಯನ್ನು ಕೇಳದಿರುವದೇ ಒಳ್ಳೆಯದು.) ೧೯೮೩ರಲ್ಲಿ ಅದೇ ಕಂಪೆನಿಯವರು ಫ್ಯಾಮಿಕಾಂ ಎಂಬ ಯಂತ್ರವನ್ನು ಹೊರಡಿಸಿದರು. ಅದರ ನಕಲುಗಳು ೧೯೯೦ರ ದಶಕದಲ್ಲಿ ನಮ್ಮ ದೇಶದ ಊರೂರಿಗೆ ಬಂದವು. ಆ ಕಾಲದ ನಮ್ಮ ವಿದ್ಯಾರ್ಥಿನಿಯರು ಇಂದು ತಾಯಂದಿರಾಗಿದ್ದಾರೆ. ಹಳದಿ ಬಣ್ಣದ ಕ್ಯಾಸೆಟ್ಟನ್ನು ಊದಿ ಊದಿ ಸಿಕ್ಕಿಸಿದುದೂ, ಬೇಸಗೆ ರಜೆಯ ಮಧ್ಯಾಹ್ನದಲ್ಲಿ ಕರೆಂಟು ಹೋಗಿ ಆಟವೆಲ್ಲಾ ಮೊದಲಿಂದ ಆದುದೂ ಅವರಿಗೆ ಮರೆತಿರಲಾರದು.

ಆ ಹಳೆಯ ಯಂತ್ರದಲ್ಲಿ ಒಂದು ಗುಣವಿತ್ತು. ಅದರೊಂದಿಗೆ ಎರಡು ಕಂಟ್ರೋಲರುಗಳು, ಎಂದರೆ ಮಕ್ಕಳು ರಿಮೋಟೆಂದು ಕರೆಯುವಂಥವು, ಬರುತ್ತಿದ್ದವು. ೧೯೮೫ರ ಸೂಪರ್ ಮಾರಿಯೋ ಆಟದಲ್ಲಿ ಇಬ್ಬರು ಕುಳಿತರೆ ಒಬ್ಬನ ಮಾರಿಯೋ ಸತ್ತ ಕೂಡಲೆ ಇನ್ನೊಬ್ಬಳ ಲುಯಿಜಿಯ ಸರದಿಯು ತಾನಾಗಿ ಬರುತ್ತಿತ್ತು. ಅಣ್ಣನು ಕೊಡಲಿ ಬಿಡಲಿ, ಯಂತ್ರವೇ ಕೊಡಿಸುತ್ತಿತ್ತು. ಕಾಂಟ್ರಾ ಎಂಬ ಆಟದಲ್ಲಾದರೋ ಇಬ್ಬರೂ ಏಕಕಾಲದಲ್ಲಿ ಓಡಬೇಕು. ಒಬ್ಬರು ಹಿಂದುಳಿದರೆ ಇನ್ನೊಬ್ಬರಿಗೂ ತೊಂದರೆ.

ಈಗಿನ ಸ್ಥಿತಿಯು ಹೇಗಿದೆ? ನಮ್ಮ ಹುಡುಗಿಯರೊಡನೆ ಈ ವಿಷಯವಾಗಿ ಮಾತಾಡುವಾಗ ನಾವು ಪದೇ ಪದೇ ಕೇಳುವ ಮಾತೊಂದುಂಟು: “ಟೀಚರ್, ಮನೆಯಲ್ಲಿ ಉಂಟು, ಆದರೆ ಅದು ಅಣ್ಣನದ್ದು.” ತಂದೆಯು ಗಲ್ಫಿನಿಂದ ತಂದ ಯಂತ್ರವು ಮನೆಮಂದಿಗೆಲ್ಲ ತಂದದ್ದೇ. ಆದರೆ ವಾರ ಕಳೆಯುವದರೊಳಗೆ ಅದು ಗಂಡುಮಗನ ಕೋಣೆಯನ್ನು ಸೇರಿರುತ್ತದೆ. ಹುಡುಗಿಯು ಹಿಂದೆ ನಿಂತು ನೋಡುವವಳಾಗುತ್ತಾಳೆ, ಇಲ್ಲವೆ ಆಟದ ನಡುವೆ ಚಾ ತಂದು ಕೊಡುವವಳಾಗುತ್ತಾಳೆ. ಹುಡುಗರು ಆಡುವದರ ಮೇಲೆ ನಮಗೆ ಮತ್ಸರವಿಲ್ಲ. ಆದರೆ ಯಂತ್ರವೊಂದನ್ನು ಕೈಯಲ್ಲಿ ಹಿಡಿದು, ತಪ್ಪಿ, ಸೋತು, ಪುನಃ ಯತ್ನಿಸುವ ಧೈರ್ಯವು ಎಳವೆಯಲ್ಲಿ ಯಾರಿಗೆ ದೊರೆಯುತ್ತದೆಂಬದು ಸಣ್ಣ ವಿಷಯವಲ್ಲ. ಮಣಿಪಾಲದ ಇಂಜಿನಿಯರಿಂಗ್ ಕಾಲೇಜಿಗೆ ಕಂಪ್ಯೂಟರ್ ಕಲಿಯಹೋಗುವ ನಮ್ಮ ಹುಡುಗಿಯರು ಅಲ್ಲಿ ಎಳವೆಯಿಂದಲೇ ಯಂತ್ರದೊಡನೆ ಪಳಗಿದ ಹುಡುಗರ ಪಕ್ಕದಲ್ಲಿ ಕುಳಿತುಕೊಳ್ಳಬೇಕಷ್ಟೆ. ಅಟಾರಿ ಯಂತ್ರದ ಹೆಸರಾಂತ ಆಟವಾದ ರಿವರ್ ರೇಡ್ ಎಂಬದನ್ನು ೧೯೮೨ರಲ್ಲಿ ರಚಿಸಿದವಳು ಕೆರೋಲ್ ಶಾ ಎಂಬ ಹೆಂಗಸೆಂದು ನಮ್ಮ ಎಷ್ಟು ಹುಡುಗಿಯರಿಗೆ ತಿಳಿದಿದೆ?

ಆಟದಿಂದ ಜಗಳ ಹುಟ್ಟುತ್ತದೆ, ಆದಕಾರಣ ಆಟವೇ ಬೇಡವೆನ್ನುವವರಿಗೆ ನಮ್ಮ ಚೆನ್ನೆಮಣೆಯನ್ನು ಜ್ಞಾಪಕಪಡಿಸುತ್ತೇವೆ. ಆಚೆಗೆ ಏಳು, ಈಚೆಗೆ ಏಳು ಗುಳಿಗಳು. ಗುಳಿಯೊಂದಕ್ಕೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಕಾಯಿಗಳು. ಆಟಿಯ ತಿಂಗಳಲ್ಲಿ ಮಳೆ ಹೊಯ್ಯುವಾಗ, ಗದ್ದೆಯ ಕೆಲಸವಿಲ್ಲದಾಗ, ಈ ಮಣೆಯನ್ನು ಅಟ್ಟದಿಂದ ಇಳಿಸುತ್ತಿದ್ದರು. ಇದು ವಿಶೇಷವಾಗಿ ಹೆಂಗಸರ ಆಟ. ಲೆಕ್ಕದ ಚುರುಕು ಇಲ್ಲದವಳು ಇದರಲ್ಲಿ ಗೆಲ್ಲಲಾರಳು. ಇದೇ ಮಣೆಯ ಮೇಲೆ ಸಿರಿಯ ಮೊಮ್ಮಕ್ಕಳಾದ ಅಬ್ಬಗ ದಾರಗರೆಂಬ ಅವಳಿಗಳು ಆಡುತ್ತಾಡುತ್ತಾ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ಬಳಿಕ ತಾನೂ ಬಾವಿಗೆ ಹಾರಿದ ಕಥೆಯು ಪಾಡ್ದನದಲ್ಲಿದೆ. ಹಿರಿಯಡಕ ಮತ್ತು ನಂದಳಿಕೆಗಳಲ್ಲಿ ಸಿರಿಜಾತ್ರೆಯು ಇಂದಿಗೂ ನಡೆಯುತ್ತದೆ. ಗೋಪಾಲ ನಾಯ್ಕರು ಹಾಡಿದ ೧೫,೬೮೩ ಸಾಲುಗಳ ಸಿರಿಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸರಾದ ಲೌರಿ ಹೋಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಜೊತೆಗೂಡಿ ೧೯೯೮ರಲ್ಲಿ ಪ್ರಕಟಿಸಿದರು. ನಾವು ಕ್ರೈಸ್ತರಾದರೂ ಈ ಕಥೆಯನ್ನು ಕೇಳದೆ ಈ ನಾಡಿನಲ್ಲಿ ಬೆಳೆದವರಲ್ಲ. ಆದರೆ ಗಮನಿಸಬೇಕಾದದ್ದೇನೆಂದರೆ, ಇಷ್ಟು ಘೋರವಾದ ಕಥೆಯನ್ನು ಹೇಳಿದ ಅದೇ ಹಿರಿಯರು ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂದರು, ಇಂಥ ತಿಂಗಳಲ್ಲಿ ಆಡಬೇಕೆಂದರು. ಆಟವನ್ನು ಉಳಿಸಿಕೊಂಡು ಕಟ್ಟಳೆಯನ್ನು ಮಾಡಿದರು.

ಇನ್ನು ಯಂತ್ರಗಳ ವಿಚಾರ. ಪತ್ರ ಬರೆದವರು ಚಿತ್ರದ ಸ್ಪಷ್ಟತೆ, ವೇಗ ಮುಂತಾದವುಗಳನ್ನು ಹೋಲಿಸಿರುವರು. ಅವುಗಳಲ್ಲಿ ಪ್ಲೇಸ್ಟೇಶನ್ ೫ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಹುಮಟ್ಟಿಗೆ ಸಮಾನವೆಂದೂ, ಸ್ವಿಚ್ಚು ಹಿಂದೆಂದೂ ಒಪ್ಪಿದರೆ ಸಾಕು. ನಮ್ಮ ಅಳತೆಗೋಲು ಬೇರೆ. ಪೆಟ್ಟಿಗೆಯನ್ನು ತೆರೆದಾಗ ಒಳಗೆ ಎಷ್ಟು ರಿಮೋಟುಗಳಿವೆ?

ಪ್ಲೇಸ್ಟೇಶನ್ನಿನ ಪೆಟ್ಟಿಗೆಯಲ್ಲಿ ಒಂದೇ. ೨೦೨೧ರಲ್ಲಿ ಅದು ಭಾರತಕ್ಕೆ ಬಂದಾಗ ಡಿಸ್ಕು ಹಾಕುವ ಮಾದರಿಗೆ ೪೯,೯೯೦ ರೂಪಾಯಿ. ಎರಡನೆಯ ರಿಮೋಟು ಬೇಕಾದರೆ ಮತ್ತೆ ೫,೯೯೦ ರೂಪಾಯಿ. ಐವತ್ತು ಸಾವಿರ ತೆತ್ತ ತಂದೆಯು ಆ ಆರು ಸಾವಿರಕ್ಕೆ ಕೈ ಹಿಡಿದುಕೊಳ್ಳುತ್ತಾನೆ. ಹುಡುಗಿಯ ಸರದಿಯು ಹೋಗುವದು ಅಲ್ಲಿಯೇ. ಎಕ್ಸ್‌ಬಾಕ್ಸಿನಲ್ಲಿಯೂ ಒಂದೇ. ಅದರ ಚಿಕ್ಕ ಮಾದರಿಯಾದ ಸೀರೀಸ್ ಎಸ್ ೨೦೨೦ರಲ್ಲಿ ೩೪,೯೯೦ ರೂಪಾಯಿಗೆ ಬಂದಿತು. ಬೆಲೆಯಲ್ಲಿ ಅನುಕೂಲವೇ ಸರಿ, ಆದರೆ ಅದಕ್ಕೆ ಡಿಸ್ಕಿನ ಬಾಯಿಯೇ ಇಲ್ಲ. ನಮ್ಮ ಊರುಗಳಲ್ಲಿ ಡಿಸ್ಕುಗಳು ಮನೆಯಿಂದ ಮನೆಗೆ ಪುಸ್ತಕದಂತೆ ಎರವಲು ಹೋಗುತ್ತವೆ. ಆ ಸೌಕರ್ಯವು ಇಲ್ಲಿ ತಪ್ಪಿಹೋಗುತ್ತದೆ. ಅದಕ್ಕೆ ಬದಲಾಗಿ ಮೈಕ್ರೋಸಾಫ್ಟಿನವರು ಗೇಮ್ ಪಾಸ್ ಎಂಬ ಚಂದಾ ಪದ್ಧತಿಯನ್ನು ಇಟ್ಟಿದ್ದಾರೆ. ತಿಂಗಳಿಗಿಷ್ಟೆಂದು ತೆತ್ತರೆ ನೂರಾರು ಆಟಗಳು ವಾಚನಾಲಯದಂತೆ ದೊರೆಯುತ್ತವೆ. ಇದು ನಿಜವಾಗಿಯೂ ಮೆಚ್ಚತಕ್ಕದ್ದು. ಆದರೆ ಚಂದಾ ನಿಂತ ದಿವಸ ಕಪಾಟಿನ ಬಾಗಿಲೂ ಮುಚ್ಚುತ್ತದೆ.

೨೦೧೭ರಲ್ಲಿ ಹೊರಬಂದ ಸ್ವಿಚ್ಚಿನ ಎರಡು ಪಕ್ಕಗಳಲ್ಲಿರುವ ಜಾಯ್‌ಕಾನ್ ಎಂಬ ಹಿಡಿಗಳನ್ನು ಬಿಡಿಸಿ ಇಬ್ಬರ ಕೈಗೆ ಒಂದೊಂದನ್ನು ಕೊಡಬಹುದು. ೨೦೨೫ರಲ್ಲಿ ಬಂದ ಸ್ವಿಚ್ ೨ರಲ್ಲಿಯೂ ಹೀಗೆಯೇ. ತಂದೆಯು ಬೇರೆ ಖರ್ಚು ಮಾಡಬೇಕಾಗಿಲ್ಲ; ತಂಗಿಯ ಪಾಲು ಪೆಟ್ಟಿಗೆಯೊಳಗೇ ಬಂದಿರುತ್ತದೆ. ಇದು ನಮ್ಮ ಚೆನ್ನೆಮಣೆಯ ಸ್ವಭಾವದ್ದು. ಆದರೂ ಒಂದು ಎಚ್ಚರಿಕೆ: ಸ್ವಿಚ್ ಲೈಟ್ ಎಂಬ ಅಗ್ಗದ ಮಾದರಿಯಲ್ಲಿ ಹಿಡಿಗಳು ಅಂಟಿಕೊಂಡೇ ಇರುವವು, ಬಿಡಿಸಲು ಬಾರದು, ಟೆಲಿವಿಷನ್ನಿಗೂ ಜೋಡಿಸಲು ಬಾರದು. ವಿದೇಶದಿಂದ ತರುವವರು ಹೆಸರನ್ನು ಸರಿಯಾಗಿ ಓದಿ ತರಬೇಕು. ಸ್ವಿಚ್ಚಿನ ಆಟಗಳ ಬೆಲೆ ಬೇಗನೆ ಇಳಿಯುವದಿಲ್ಲವೆಂಬ ದೂರು ಸಹ ನ್ಯಾಯವಾದದ್ದೇ.

ಆಟಗಳನ್ನು ನೋಡೋಣ. ಪ್ಲೇಸ್ಟೇಶನ್ನಿನಲ್ಲಿ ಬಹಳ ಹೆಸರು ಪಡೆದ ಗಾಡ್ ಆಫ್ ವಾರ್ ಮತ್ತು ಸ್ಪೈಡರ್ ಮ್ಯಾನ್, ಎರಡೂ ೨೦೧೮ರವು, ಒಬ್ಬನೇ ಕುಳಿತು ಆಡುವ ಆಟಗಳು. ಎಕ್ಸ್‌ಬಾಕ್ಸಿನ ಹೇಲೋ ೨೦೦೧ರಲ್ಲಿ ಪ್ರಾರಂಭವಾದಾಗ ಒಂದೇ ಟೆಲಿವಿಷನ್ನಿನ ಮುಂದೆ ಗೆಳೆಯರು ಕೂಡಿ ಆಡುವದಕ್ಕೆ ಪ್ರಸಿದ್ಧವಾಗಿತ್ತು. ಅದೇ ಮಾಲೆಯ ಹೇಲೋ ಇನ್‌ಫಿನಿಟ್‌ನಲ್ಲಿ ಕಥೆಯ ಭಾಗವನ್ನು ಇಬ್ಬರು ಒಂದೇ ಪರದೆಯಲ್ಲಿ ಆಡುವ ಏರ್ಪಾಡನ್ನು ಮಾಡುತ್ತೇವೆಂದು ಹೇಳಿದ್ದವರು ೨೦೨೨ರಲ್ಲಿ ಅದನ್ನು ಕೈಬಿಟ್ಟರು. ಒಂದು ಕೋಣೆಯಲ್ಲಿ ಇಬ್ಬರು ಕೂತರೆ ಒಂದು ಯಂತ್ರ ಮಾರಾಟವಾಗುತ್ತದೆ, ಎರಡು ಮನೆಗಳಲ್ಲಿ ಕೂತರೆ ಎರಡು ಯಂತ್ರಗಳೂ ಎರಡು ಚಂದಾಗಳೂ. ವ್ಯಾಪಾರಸ್ಥರ ಮನಸ್ಸು ಯಾವ ಕಡೆಗೆ ವಾಲೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ವಿಚ್ಚಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮಾರಾಟವಾದ ಮಾರಿಯೋ ಕಾರ್ಟ್ ೮ ಡಿಲಕ್ಸ್, ಆರು ಕೋಟಿಗೂ ಮೀರಿ ಮಾರಾಟವಾದದ್ದು, ನಾಲ್ವರು ಒಂದೇ ಪರದೆಯ ಮುಂದೆ ಓಡಿಸುವ ಬಂಡಿಯ ಪಂದ್ಯ. ಹಿಂದೆ ಬಿದ್ದವರಿಗೆ ಹೆಚ್ಚಿನ ಸಹಾಯ ದೊರೆಯುವಂತೆ ಅದನ್ನು ಹೊಂದಿಸಿರುವದರಿಂದ ಚಿಕ್ಕವರೂ ಅಜ್ಜಿಯಂದಿರೂ ಹುರುಪು ಕಳಕೊಳ್ಳುವದಿಲ್ಲ. ೨೦೨೦ರಲ್ಲಿ ಬಂದ ಆನಿಮಲ್ ಕ್ರಾಸಿಂಗ್ ಬಹು ಸೌಮ್ಯವಾದದ್ದು. ದ್ವೀಪದಲ್ಲಿ ಗಿಡ ನೆಡುವದು, ಮೀನು ಹಿಡಿಯುವದು, ನೆರೆಹೊರೆಯವರೊಡನೆ ಮಾತಾಡುವದು. ಆದರೆ ಯಂತ್ರವೊಂದಕ್ಕೆ ದ್ವೀಪವೊಂದೇ, ಮೊದಲು ಆಟ ಪ್ರಾರಂಭಿಸಿದವರೇ ಅದರ ಮುಖಂಡರು. ಆ ಮೊದಲ ಗುಂಡಿಯನ್ನು ಮನೆಯಲ್ಲಿ ಯಾರು ಒತ್ತುತ್ತಾರೆಂಬದರ ಮೇಲೆ ತಾಯಂದಿರು ಒಂದು ಕಣ್ಣಿಡಲಿ!

ಮೂರು ಯಂತ್ರಗಳಲ್ಲಿಯೂ ದೊರೆಯುವ ಆಟಗಳೂ ಉಂಟು. ಮೈಂಕ್ರಾಫ್ಟಿನಲ್ಲಿ ಮಕ್ಕಳು ಕಲ್ಲು ಮಣ್ಣು ಮರಗಳಿಂದ ಮನೆ ಕಟ್ಟುತ್ತಾರೆ. ೨೦೨೧ರ ಇಟ್ ಟೇಕ್ಸ್ ಟೂ ಎಂಬದನ್ನು ಒಬ್ಬರೇ ಆಡಲು ಸಾಧ್ಯವೇ ಇಲ್ಲ. ಆ ವರುಷದ ಅತ್ಯುತ್ತಮ ಆಟವೆಂಬ ದೊಡ್ಡ ಬಹುಮಾನವು ಅದಕ್ಕೇ ಸಂದಿತು. ಪುಣೆಯವರು ರಚಿಸಿದ ರಾಜಿ ಎಂಬ ಆಟವು ೨೦೨೦ರಲ್ಲಿ ಮೊದಲು ಸ್ವಿಚ್ಚಿನಲ್ಲಿ, ಬಳಿಕ ಉಳಿದವುಗಳಲ್ಲಿ ಬಂದಿತು. ತಮ್ಮನನ್ನು ಹುಡುಕಿಕೊಂಡು ಅಕ್ಕನು ಹೊರಡುವ ಕಥೆ ಅದು. ೨೦೨೩ರ ವೆಂಬ ಎಂಬದರಲ್ಲಿ ಕೆನಡಕ್ಕೆ ಹೋದ ತಮಿಳು ತಾಯಿಯೊಬ್ಬಳು ಇಡ್ಲಿ ಮುಂತಾದ ಅಡಿಗೆಗಳನ್ನು ಮಾಡುತ್ತಾಳೆ. ಇಡ್ಲಿಯ ವಿಷಯದಲ್ಲಿ ತಮಿಳರು ನಮಗಿಂತ ಮುಂದಾದುದನ್ನು ಉಡುಪಿಯವರಾದ ನಾವು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಇಲ್ಲಿ ನಮೂದಿಸುತ್ತೇವೆ. ೨೦೧೩ರ ಗ್ರಾಂಡ್ ಥೆಫ್ಟ್ ಆಟೋ ೫ ಇಪ್ಪತ್ತು ಕೋಟಿಗೂ ಮಿಕ್ಕಿ ಮಾರಾಟವಾಗಿದೆ ಎಂಬದು ಅದನ್ನು ಮನೆಗೆ ತರಲು ಕಾರಣವಾಗಲಾರದು. ಯೂರೋಪಿನಲ್ಲಿ ಅದಕ್ಕೆ ೧೮ ವರುಷ ಮೀರಿದವರಿಗೆ ಎಂಬ ಮುದ್ರೆಯಿದೆ. ಹನ್ನೆರಡರ ಹುಡುಗನಿಗೆ ಅದನ್ನು ತಂದುಕೊಟ್ಟು ಮಗಳಿಗೆ ಮಾತ್ರ ಆಟ ಕೆಟ್ಟದ್ದೆಂದು ಬೋಧಿಸುವ ಮನೆಗಳನ್ನು ನಾವು ಬಲ್ಲೆವು.

ವ್ಯಸನದ ಭಯವು ಸುಳ್ಳಲ್ಲ. ಆಟದ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸಿನವರು ಇಂಥವರಿಗಾಗಿ ೨೦೧೪ರಲ್ಲಿಯೇ ಒಂದು ಚಿಕಿತ್ಸಾ ವಿಭಾಗವನ್ನು ತೆರೆದರು. ಆದರೆ ಹುಡುಗಿಗೆ ಯಂತ್ರವನ್ನು ನಿರಾಕರಿಸಿದ ಮನೆಯಲ್ಲಿ ಅವಳ ಕೈಯಲ್ಲಿ ಮೊಬೈಲು ಇದ್ದೇ ಇರುತ್ತದೆ. ೨೦೨೦ರಲ್ಲಿ ಸರಕಾರವು ಪಬ್ಜಿಯನ್ನು ನಿಷೇಧಿಸಿತು, ಮರುವರುಷವೇ ಅದು ಬೇರೆ ಹೆಸರಿನಿಂದ ಬಂದಿತು. ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ೨೦೨೫ರಲ್ಲಿ ಕಾನೂನೇ ಬೇಕಾಯಿತು. ಮುಸುಕಿನೊಳಗೆ ಅಪರಿಚಿತರೊಡನೆ ಆಡುವ ಮೊಬೈಲಿಗಿಂತ, ಚಾವಡಿಯಲ್ಲಿ ಎಲ್ಲರ ಕಣ್ಣೆದುರು ಇರುವ ಯಂತ್ರವು ಎಷ್ಟೋ ಮೇಲು. ಮೂರು ಕಂಪೆನಿಯವರೂ ಹೆತ್ತವರು ಹೊತ್ತಿನ ಮಿತಿಯನ್ನು ಇಡುವ ಸೌಕರ್ಯವನ್ನು ಒದಗಿಸಿದ್ದಾರೆ, ಉಪಯೋಗಿಸುವವರು ಬೇಕು.

ಆದಕಾರಣ ದಾನಿಗಳಲ್ಲಿ ನಮ್ಮ ಬಿನ್ನಹವಿದು. ಹಿಡಿ ಬಿಡಿಸಲು ಬರುವ ಸ್ವಿಚ್ಚನ್ನೇ ಕಳುಹಿಸಿರಿ. ಹಣ ಮಿಕ್ಕರೆ ಮತ್ತೆರಡು ರಿಮೋಟುಗಳನ್ನು ಕಳುಹಿಸಿರಿ. ಪ್ಲೇಸ್ಟೇಶನ್ನನ್ನೇ ಕೊಡುವೆನೆನ್ನುವವರು ಎರಡನೆಯ ರಿಮೋಟನ್ನು ಸೇರಿಸಿ ಕೊಡುವದಾದರೆ ಅದನ್ನೂ ಸಂತೋಷದಿಂದ ಸ್ವೀಕರಿಸುವೆವು. ವಾರಕ್ಕೆ ಎರಡು ದಿವಸ, ಶಾಲೆ ಬಿಟ್ಟ ಮೇಲೆ ಮುಕ್ಕಾಲು ತಾಸು, ಸರದಿಯ ಪಟ್ಟಿಯು ಗೋಡೆಯ ಮೇಲೆ. ಮಗಳು ಆಡುವದು ಬೇಡವೆನ್ನುವ ಹೆತ್ತವರು ಶಾಲೆಗೆ ಚೀಟಿ ಬರೆದು ಕಳುಹಿಸಿದರೆ ಅವಳ ಹೆಸರನ್ನು ಪಟ್ಟಿಯಿಂದ ಬಿಡುವೆವು. ಆದರೆ ಅದೇ ಮನೆಯಲ್ಲಿ ಮಗನಿಗೆ ಯಂತ್ರವಿದೆಯೋ ಎಂಬದನ್ನು ಸಹ ಅದೇ ಚೀಟಿಯಲ್ಲಿ ದಯವಿಟ್ಟು ಬರೆಯತಕ್ಕದ್ದು.