"ಮೊದಲ ಮಹಿಳೆ" ಅಂತ ಬರೆಯೋ ಮುಂಚೆ ಒಂದ್ನಿಮಿಷ

1/6
ಮಹಿಳಾ ದಿನ ಬಂದ್ರೆ ಸಾಕು. ಒಂದು ಕಪ್ಪು-ಬಿಳುಪು ಫೋಟೊ, ಕೆಳಗೆ "ಇಲ್ಲಿಗೆ ಹೋದ ಮೊದಲ ಮಹಿಳೆ" ಅಂತ ಒಂದು ಸಾಲು, ಎರಡು ಬೆಂಕಿ ಇಮೋಜಿ. ಮುಗೀತು. ನನ್ನ ಜಗಳ ಇರೋದು ಆ "ಮೊದಲ" ಅನ್ನೋ ಪದದ ಜೊತೆ. ಮೇರಿ ಶೇಫರ್ ಕಥೆ ಹೇಳ್ತೀನಿ. ಪೂರ್ತಿ ಓದಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ.

2/6
ಹುಟ್ಟಿದ್ದು 1861, ಅಮೆರಿಕದ ಪೆನ್ಸಿಲ್ವೇನಿಯಾ. ಗಂಡ ಡಾಕ್ಟರು, ಜೊತೆಗೆ ಗಿಡಮೂಲದ ಹುಚ್ಚು. ಬೇಸಿಗೆ ಬಂದ್ರೆ ಇಬ್ರೂ ಕೆನಡಾದ ರಾಕಿ ಪರ್ವತಗಳಲ್ಲಿ ಹೂ ಹುಡುಕೋರು. ಈಕೆ ಅವುಗಳ ಚಿತ್ರ ಬಿಡಿಸೋಳು, ಫೋಟೊ ತೆಗೆಯೋಳು. 1903ರಲ್ಲಿ ಗಂಡ ತೀರಿಕೊಂಡ. ಅರ್ಧಕ್ಕೆ ನಿಂತಿದ್ದ ಹೂಗಳ ಪುಸ್ತಕವನ್ನ ಈಕೆ ಕೈಬಿಡಲಿಲ್ಲ. ಬರವಣಿಗೆ ಸ್ಟೂವರ್ಡ್‌ಸನ್ ಬ್ರೌನ್‌ದು, ಚಿತ್ರಗಳು ಈಕೆಯವು, 1907ರಲ್ಲಿ ಅಚ್ಚಾಯ್ತು.

ಅದೇ ವರ್ಷ, 45ನೇ ವಯಸ್ಸಲ್ಲಿ, ಗೆಳತಿ ಮೋಲಿ ಆಡಮ್ಸ್ ಜೊತೆ ಕುದುರೆ ಹತ್ತಿದಳು. ದಾರಿಗೆ ಬಿಲ್ಲಿ ವಾರನ್ ಮತ್ತು ಸಿಡ್ ಅನ್ವಿನ್. ಗುರಿ, ಸಸ್ಕಾಚೆವಾನ್ ಮತ್ತು ಅಥಬಾಸ್ಕಾ ನದಿಗಳ ಉಗಮ. ಒಂದರ ನೀರು ಕೊನೆಗೆ ಹಡ್ಸನ್ ಕೊಲ್ಲಿ ಸೇರುತ್ತೆ, ಇನ್ನೊಂದರದ್ದು ಆರ್ಕ್ಟಿಕ್ ಸಾಗರ. ಹೆಂಗಸರಿಗೆ ಇದೆಲ್ಲ ಯಾಕೆ ಅನ್ನೋ ಕಾಲ ಅದು. ಕೇಳಿಸಿಕೊಂಡು ಸುಮ್ಮನೆ ಹೊರಟಳು.

3/6
ಬೆಟ್ಟಗಳ ನಡುವೆ ದೊಡ್ಡದೊಂದು ಕೆರೆ ಇದೆ ಅಂತ ಸುದ್ದಿ ಕಿವಿಗೆ ಬಿದ್ದಿತ್ತು. ಆ ವರ್ಷ ಸಿಗಲಿಲ್ಲ. ವಾಪಸ್ ಬರುವಾಗ ಸ್ಟೋನಿ ನಕೋಡ ಜನಾಂಗದ ಸ್ಯಾಮ್ಸನ್ ಬೀವರ್ ಸಿಕ್ಕ. ಹುಡುಗನಾಗಿದ್ದಾಗ ಆತ ಒಂದೇ ಸಲ ಅಲ್ಲಿಗೆ ಹೋಗಿದ್ದು. ನೆನಪಿನಿಂದಲೇ ನಕ್ಷೆ ಬರೆದುಕೊಟ್ಟ.

1908ರಲ್ಲಿ ಅದೇ ನಕ್ಷೆ ಹಿಡಿದು ಹೋದರು. ಸಿಡ್ ಒಬ್ಬನೇ ಬೆಟ್ಟ ಹತ್ತಿ ಮೊದಲು ಕೆರೆ ನೋಡಿ ಬಂದ. ಆಮೇಲೆ ತೆಪ್ಪ ಕಟ್ಟಿ ಎಲ್ಲರೂ ಆ ನೀರಿನ ಮೇಲೆ ಹೋದರು. ಇವತ್ತು ಲಕ್ಷಾಂತರ ಜನ ಫೋಟೊ ತೆಗೆಯೋ ಮಲೀನ್ ಸರೋವರ ಅದೇ. ಉದ್ದ ಸುಮಾರು 22 ಕಿ.ಮೀ.

4/6
ಈಗ ಹೇಳಿ, "ಕಂಡುಹಿಡಿದಿದ್ದು" ಯಾರು?

1875ರಲ್ಲೇ ರೈಲ್ವೆ ಸರ್ವೆಗೆ ಬಂದಿದ್ದ ಹೆನ್ರಿ ಮೆಕ್ಲಿಯೋಡ್ ಆ ಕೆರೆ ನೋಡಿದ್ದ. ನಡೆದು ನಡೆದು ಸಾಕಾಗಿ "ಕಾಲುನೋವಿನ ಕೆರೆ" ಅಂತ ಹೆಸರಿಟ್ಟು ಹೋದ. ಅವನಿಗೂ ಮುಂಚೆ ಅದಕ್ಕೆ ಹೆಸರಿತ್ತು: ಚಾಬಾ ಇಮ್ನೆ, ಅಂದ್ರೆ ಬೀವರ್ ಕೆರೆ. ಹೆಸರಿದ್ದ ಮೇಲೆ ಹೆಸರಿಟ್ಟ ಜನ ಇದ್ರು ಅಂತ ತಾನೆ? ಆ ಜನದಲ್ಲಿ ಹೆಂಗಸರು ಇರಲಿಲ್ವಾ?

"ಹಾಗಾದ್ರೆ ಮೇರಿ ಮಾಡಿದ್ದೆಲ್ಲ ಸುಳ್ಳಾ?" ಅಂತ ಕೇಳ್ಬೇಡಿ. 1911ರಲ್ಲಿ ಕೆನಡಾದ ಭೂವಿಜ್ಞಾನ ಸರ್ವೆ ಇಲಾಖೆಯ ಕೋರಿಕೆಗೆ ಮತ್ತೆ ಹೋಗಿ ಅದೇ ಕೆರೆಯನ್ನ ಅಳೆದು ಬಂದಾಕೆ ಅವಳು. ಹೊಗಳೋಕೆ ಇಷ್ಟು ಸಾಲದಾ? ಸುಳ್ಳು "ಮೊದಲ" ಯಾಕೆ ಬೇಕು?

5/6
ಮಜಾ ಏನಂದ್ರೆ, ಮೇರಿ ತಾನೇ ಇದನ್ನ ಮುಚ್ಚಿಡಲಿಲ್ಲ. ನಕ್ಷೆ ಕೊಟ್ಟವನ ಹೆಸರನ್ನ ತನ್ನ ಪುಸ್ತಕದಲ್ಲಿ ಬರೆದಳು. ಅಲ್ಲಿನ ಎರಡು ಶಿಖರಗಳಿಗೆ ಸ್ಯಾಮ್ಸನ್ ಮತ್ತು ಅವನ ಹೆಂಡತಿ ಲಿಯಾ ಹೆಸರಿಟ್ಟಳು. 1911ರ ಆ ಪುಸ್ತಕದ ಹೆಸರಲ್ಲೇ ಇದು ಮೂಲನಿವಾಸಿಗಳ ಹಳೇ ದಾರಿ ಅಂತ ಇದೆ. ಅಳಿಸಿದ್ದು ಆಕೆ ಅಲ್ಲ, ಕ್ಯಾಪ್ಷನ್ ಕತ್ತರಿಸೋ ನಾವು.

ಇದು ಬರೀ ಪದದ ವಿಷಯ ಅಲ್ಲ. 1907ರಲ್ಲಿ ಜಾಸ್ಪರ್ ಅರಣ್ಯ ಉದ್ಯಾನ ಘೋಷಣೆ ಆಯ್ತು. ಅಲ್ಲಿ ಮನೆ ಕಟ್ಟಿ, ದನ ಸಾಕಿ ಬದುಕಿದ್ದ ಮೇಟಿ ಕುಟುಂಬಗಳನ್ನ 1910ರ ಹೊತ್ತಿಗೆ ಒಕ್ಕಲೆಬ್ಬಿಸಿದರು. ಒಂದು ಜಾಗವನ್ನ "ಯಾರೂ ಇಲ್ಲದ ಕಾಡು" ಅಂತ ಹೇಳ್ತಾ ಹೋದ್ರೆ, ಅಲ್ಲಿರೋರನ್ನ ಖಾಲಿ ಮಾಡಿಸೋದು ಸುಲಭ ಆಗುತ್ತೆ.

6/6
ಗಂಡಸರು ಬರೆದ ಇತಿಹಾಸದಲ್ಲಿ ಹೆಂಗಸರ ಹೆಸರಿಲ್ಲ ಅಂತ ನಮಗೆ ಸಿಟ್ಟು. ಸರಿಯಾದ ಸಿಟ್ಟೇ. ಆದ್ರೆ ಮೇರಿಯನ್ನ ಮೇಲೆತ್ತೋಕೆ ಸ್ಯಾಮ್ಸನ್‌ನ, ಲಿಯಾಳನ್ನ ಅಳಿಸಿದ್ರೆ ನಾವು ಮಾಡಿದ್ದೂ ಅದೇ ಕೆಲಸ, ರಬ್ಬರ್ ಹಿಡಿದ ಕೈ ಮಾತ್ರ ಬೇರೆ.

ಮುಂದಿನ ಟ್ರೆಕ್ ಫೋಟೊಗೆ "ಯಾರಿಗೂ ಗೊತ್ತಿಲ್ಲದ ಜಾಗ" ಅಂತ ಟೈಪ್ ಮಾಡ್ತೀರಲ್ಲ, ಅಲ್ಲಿ ನಿಲ್ಲಿ. ದಾರಿ ತೋರಿಸಿದ್ದು ಯಾರು? ಅವರನ್ನ ಒಂದು ಮಾತು ಕೇಳಿ, ಒಪ್ಪಿದ್ರೆ ಅವರ ಹೆಸರನ್ನೇ ಮೊದಲು ಬರೀರಿ. ಜಾಗ ನಿಮಗೆ ಹೊಸದು, ಅಷ್ಟೇ.