ಕುಡಿಯುವ ನೀರಿಗೂ ತಡೆಯೇ?

ವಾರದ ರಜೆಯಂದು ಹೆಂಡತಿ ಮಕ್ಕಳೊಡನೆ ವಿಹಾರಕ್ಕೆ ಹೊರಡುವ ನಮ್ಮ ಹೋಟೆಲ್ ಕಾರ್ಮಿಕ ಹಾಗೂ ಗುಮಾಸ್ತ ಬಂಧುಗಳ ಕೈಯಲ್ಲಿ ಬುತ್ತಿಯೂ ನೀರಿನ ಬಾಟಲಿಯೂ ಇರುವುದು ಸಹಜ. ಪ್ರೇಕ್ಷಣೀಯ ಸ್ಥಳಗಳ ದ್ವಾರದಲ್ಲಿ ಇವೆರಡನ್ನೂ ತಡೆಯುವುದು ನ್ಯಾಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬುತ್ತಿಯನ್ನು ನಿರ್ಬಂಧಿಸಲು ಸಕಾರಣಗಳುಂಟು. ಘಾರಾಪುರಿಯಲ್ಲಿ ತಿಂಡಿಯ ಪೊಟ್ಟಣ ಕಂಡೊಡನೆ ಕೋತಿಗಳು ಪ್ರವಾಸಿಗರ ಮೇಲೆರಗುತ್ತವೆ. ನಮ್ಮ ಐರೋಲಿಯಿಂದ ದೋಣಿಯೇರಿ ಫ್ಲೆಮಿಂಗೊ ಹಕ್ಕಿಗಳನ್ನು ನೋಡಲು ಹೋಗುವ ಠಾಣೆ ಖಾಡಿಯು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗುಭೂಮಿ. ಅಲ್ಲಿ ಎಸೆದ ಪ್ಲಾಸ್ಟಿಕ್ ಚೀಲವು ಭರತದ ನೀರಿನೊಡನೆ ಸಾಗಿ ಕಾಂಡ್ಲಾ ಗಿಡಗಳ ಬೇರಿನಲ್ಲಿ ಸಿಲುಕುತ್ತದೆ.

ಆದರೆ ನೀರಿನ ಮಾತು ಬೇರೆ. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರಮಂದಿರಗಳು ಹೊರಗಿನ ತಿನಿಸನ್ನು ತಡೆಯಬಹುದೆಂದು ತೀರ್ಪಿತ್ತಾಗಲೂ, ಶುದ್ಧವಾದ ಕುಡಿಯುವ ನೀರನ್ನು ಉಚಿತವಾಗಿ ಒದಗಿಸುವ ಹೊಣೆಯನ್ನೂ ಹಸುಳೆಗಳ ಆಹಾರಕ್ಕೆ ಅವಕಾಶವನ್ನೂ ಎತ್ತಿ ಹೇಳಿತು. ಈ ನೀತಿ ಪ್ರವಾಸಸ್ಥಳಗಳಿಗೂ ಸಲ್ಲತಕ್ಕದ್ದು. ಗಿರಾಕಿ ಏನು ಬೇಕೆಂದು ಹೇಳುವ ಮೊದಲೇ ಮೇಜಿನ ಮೇಲೆ ನೀರಿನ ಲೋಟವಿಡುವುದು ಹೋಟೆಲಿನವರಾದ ನಮ್ಮ ವೃತ್ತಿಧರ್ಮ. ಒಳಗೆ ಒಂದು ನಲ್ಲಿಯನ್ನೂ ಇಡದೆ, ದ್ವಾರದಲ್ಲಿ ಬಾಟಲಿ ಕಸಿದು, ಒಳಗಿನ ಅಂಗಡಿಯಲ್ಲಿ ನೀರು ಮಾರುವುದು ಸ್ವಚ್ಛತೆಯ ಹೆಸರಿನಲ್ಲಿ ನಡೆಯುವ ವ್ಯಾಪಾರವೇ ಸರಿ.

ಆದುದರಿಂದ ಅಧಿಕಾರಿಗಳು ಬಾಟಲಿಗೆ ಚೀಟಿ ಅಂಟಿಸಿ ಠೇವಣಿ ಪಡೆದು, ಹಿಂದಿರುಗುವಾಗ ಬಾಟಲಿ ತೋರಿಸಿದವರಿಗೆ ಅದನ್ನು ಮರಳಿಸಲಿ. ಒಳಗೆ ಉಚಿತ ನೀರಿರಲಿ. ದ್ವಾರದ ಬಳಿ ಬುತ್ತಿ ಬಿಚ್ಚಲು ನೆರಳಿನ ಜಗಲಿಯೊಂದಿರಲಿ. ನಮ್ಮ ಬಂಧುಗಳೂ ಸ್ಟೀಲ್ ಡಬ್ಬಿಯಲ್ಲಿ ಬುತ್ತಿ ಒಯ್ದು, ಉಳಿದ ಕಸವನ್ನು ಮನೆಗೇ ತರಬೇಕೆಂದು ನಾವು ವಿನಂತಿಸುತ್ತೇವೆ.