ದೂರದ ಅಳುಕು, ದಾರಿಯ ನಂಬಿಕೆ

ಪೆಟ್ರೋಲ್ ಕಾರಿನಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೊರಟಾತನು, ಹಾಸನವನ್ನು ಸಮೀಪಿಸುವಾಗ ಇಂಧನ ಮುಗಿಯುತ್ತ ಬಂದಿತೆಂದು ಸೂಚಿಸುವ ಹಳದಿ ದೀಪವು ಎದುರಿನ ಫಲಕದಲ್ಲಿ ಹೊತ್ತಿಕೊಂಡರೂ, ಆಡುತ್ತಿದ್ದ ಮಾತನ್ನು ನಿಲ್ಲಿಸುವುದಿಲ್ಲ. ಇನ್ನು ನಲವತ್ತೋ ಐವತ್ತೋ ಕಿಲೋಮೀಟರಿಗಿಂತ ಹೆಚ್ಚು ಹೋಗಲಾಗದೆಂಬುದನ್ನು ಚೆನ್ನಾಗಿ ಬಲ್ಲವನಾದರೂ ಅವನು ಕಳವಳಗೊಳ್ಳುವುದಿಲ್ಲ. ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ವಿದ್ಯುತ್ ಕಾರನ್ನು ನಡೆಸುತ್ತಿರುವ ಮತ್ತೊಬ್ಬನು, ಇನ್ನೂ ನೂರು ಕಿಲೋಮೀಟರಿಗೆ ಸಾಲುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿದೆಯೆಂದು ಫಲಕವು ತೋರಿಸುತ್ತಿರುವಾಗಲೂ, ಎ.ಸಿ.ಯನ್ನು ಆರಿಸಿ, ವೇಗವನ್ನು ತಗ್ಗಿಸಿ, ಹೆಂಡತಿಮಕ್ಕಳೊಡನೆ ಮಾತು ಬಿಟ್ಟು, ಆ ಅಂಕಿಯ ಮೇಲೆಯೇ ಕಣ್ಣಿಟ್ಟುಕೊಂಡಿರುತ್ತಾನೆ. ಐವತ್ತು ಉಳಿದವನಿಗೆ ಇಲ್ಲದ ಭಯವು ನೂರು ಉಳಿದವನಿಗೆ ಏತಕ್ಕೆ ಇರಬೇಕು? ದೂರದ ಅಳುಕು ಎಂದು ಕರೆಯಬಹುದಾದ ಈ ಮನಃಸ್ಥಿತಿಯ ವಿಷಯವಾಗಿ ನಡೆಯುತ್ತಿರುವ ಚರ್ಚೆಯೆಲ್ಲ ಬಹುಮಟ್ಟಿಗೆ ಬ್ಯಾಟರಿಯ ಗಾತ್ರವನ್ನೇ ಕುರಿತದ್ದು. ನನಗಾದರೋ, ಅದರ ಬೇರನ್ನು ಕಾರಿನೊಳಗೆ ಹುಡುಕುವುದಕ್ಕಿಂತ ದಾರಿಯಲ್ಲಿ ಹುಡುಕುವುದು ಯುಕ್ತವೆಂದು ತೋರುತ್ತದೆ.

ಹೀಗೆಂದ ಮಾತ್ರಕ್ಕೆ ಈ ಅಳುಕು ಬರಿಯ ಕಲ್ಪನೆಯೆಂದಾಗಲಿ, ಹೊಸದನ್ನು ಒಲ್ಲದ ಮನಸ್ಸಿನ ಜಾಡ್ಯವೆಂದಾಗಲಿ ನಾನು ಹೇಳುತ್ತಿಲ್ಲ. ಅದಕ್ಕೆ ಭೌತಶಾಸ್ತ್ರದ ಆಧಾರವಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ, ನಮ್ಮ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 9 ಯೂನಿಟ್ ಶಕ್ತಿ ಅಡಗಿದೆ; ಆದುದರಿಂದ 40 ಲೀಟರಿನ ಟ್ಯಾಂಕು ತುಂಬಿದ ಕಾರು 360 ಯೂನಿಟ್ಟುಗಳ ಗಂಟನ್ನು ಕಟ್ಟಿಕೊಂಡು ಹೊರಟಂತಾಯಿತು. ಅದರ ಮುಕ್ಕಾಲು ಪಾಲನ್ನು ಎಂಜಿನ್ನು ಬಿಸಿಯಾಗಿ ಗಾಳಿಗೆ ಚೆಲ್ಲಿಬಿಡುತ್ತದೆಯೆಂದು ಇಟ್ಟುಕೊಂಡರೂ ಚಕ್ರಗಳಿಗೆ 90 ಯೂನಿಟ್ ದಕ್ಕುತ್ತದೆ. ವಿದ್ಯುತ್ ಮೋಟಾರು ತನಗೆ ಕೊಟ್ಟುದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸಾರ್ಥಕಪಡಿಸಬಲ್ಲ ಮಿತವ್ಯಯಿಯೇನೋ ಹೌದು; ಆದರೆ ನಮ್ಮ ಮಧ್ಯಮವರ್ಗದವರು ಕೊಳ್ಳುವ ಕಾರುಗಳಲ್ಲಿ ಬಹುಪಾಲಿನ ಬ್ಯಾಟರಿ, ಮುನ್ನೂರು ಕಿಲೋಗ್ರಾಮಿಗೆ ಹತ್ತಿರ ಹತ್ತಿರ ತೂಗಿಯೂ, 30ರಿಂದ 45 ಯೂನಿಟ್ಟುಗಳನ್ನು ಮಾತ್ರ ಹಿಡಿಯಬಲ್ಲುದು. ಸಣ್ಣ ಗಂಟಿನೊಡನೆ ಊರು ಬಿಟ್ಟವನು ಕಾಸುಕಾಸನ್ನೂ ಎಣಿಸುವುದು ಸಹಜವೇ ಅಲ್ಲವೆ? ಅದರ ಮೇಲೆ, ಮಾರುವವರು ಹೇಳುವ ಅಂಕಿಗೂ ದಾರಿಯಲ್ಲಿ ಸಿಕ್ಕುವ ಅಂಕಿಗೂ ಅಂತರವಿದೆ. 2020ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನಿನ ವಿದ್ಯುತ್ ರೂಪಕ್ಕೆ 30.2 ಯೂನಿಟ್ಟಿನ ಬ್ಯಾಟರಿಯಿದ್ದು, ಪರೀಕ್ಷೆಯ ಪ್ರಮಾಣಪತ್ರದಂತೆ ಅದು 312 ಕಿಲೋಮೀಟರ್ ಓಡಬೇಕಾಗಿತ್ತು. ಹೆದ್ದಾರಿಯಲ್ಲಿ ಕೈಗೆ ಬಂದದ್ದು 200ರ ಆಸುಪಾಸು. ಇದರಲ್ಲಿ ವಂಚನೆಯಿಲ್ಲ. ಪರೀಕ್ಷಾಲಯದ ಉರುಳೆಗಳ ಮೇಲೆ ಕಾರು ಮೆಲ್ಲನೆ ಓಡುತ್ತದೆ. ಹೆದ್ದಾರಿಯಲ್ಲಿ ನಾವು ಮೆಲ್ಲನೆ ಓಡುವುದಿಲ್ಲ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯತಕ್ಕದ್ದಾದ್ದರಿಂದ, ಗಂಟೆಗೆ 80 ಕಿಲೋಮೀಟರ್ ಇದ್ದುದನ್ನು 100ಕ್ಕೆ ಏರಿಸಿದವನು ಒಂದೂವರೆ ಪಟ್ಟಿಗಿಂತಲೂ ಹೆಚ್ಚಿನ ಪ್ರತಿರೋಧವನ್ನು ಎದುರು ಹಾಕಿಕೊಂಡಂತಾಗುತ್ತದೆ.

ಈ ಲೆಕ್ಕಗಳೆಲ್ಲ ನನಗೆ ಪುಸ್ತಕದಿಂದ ತಿಳಿದಿದ್ದುವು. ಅವುಗಳ ಅರ್ಥ ತಿಳಿದದ್ದು ಶಿರಾಡಿ ಘಾಟಿಯ ಬುಡದಲ್ಲಿ. ಎರಡು ವರ್ಷಗಳ ಹಿಂದೆ, ಮಳೆಗಾಲ ಕಳೆದ ಮೇಲೆ, ತಾಯಿಯವರನ್ನು ಉಡುಪಿಗೆ ಕರೆದುಕೊಂಡು ಹೋಗಿ ಹಿಂದಿರುಗುತ್ತಿದ್ದೆವು. ತಂಗಿದ್ದ ವಸತಿಗೃಹದಲ್ಲಿ ಚಾರ್ಜ್ ಮಾಡಿಕೊಳ್ಳುವ ಅನುಕೂಲವಿರಲಿಲ್ಲ. ದಾರಿಯಲ್ಲಿ ಮಾಡಿಕೊಂಡರಾಯಿತೆಂದು ಹೊರಟು, ನೆಲ್ಯಾಡಿಯ ಬಳಿ ಮೊಬೈಲಿನ ಆಪಿನಲ್ಲಿ ಹಸಿರು ಚುಕ್ಕೆಯಾಗಿ ಕಾಣುತ್ತಿದ್ದ ಚಾರ್ಜಿಂಗ್ ಸ್ಟೇಷನ್ನನ್ನು ಮುಟ್ಟುವಾಗ ಸಂಜೆಯಾಗಿತ್ತು. ಯಂತ್ರದ ಪರದೆ ಕಪ್ಪಾಗಿತ್ತು. ಕಾರಿಗೆ ಸಿಕ್ಕಿಸುವ ಗನ್ನಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರದಿಂದ ಕಟ್ಟಿದ್ದರು. ಮೇಲೆ ಬರೆದಿದ್ದ ಸಂಖ್ಯೆಗೆ ಫೋನ್ ಮಾಡಿದರೆ, ನಮ್ಮ ದೂರು ದಾಖಲಾಯಿತೆಂದು ಮುದ್ರಿತ ಧ್ವನಿಯೊಂದು ಹೇಳಿತು. ಬ್ಯಾಟರಿಯಲ್ಲಿ 8 ಯೂನಿಟ್ ಉಳಿದಿತ್ತು. ಇನ್ನು 62 ಕಿಲೋಮೀಟರ್ ಹೋಗಬಹುದೆಂದು ಫಲಕವು ತೋರಿಸುತ್ತಿತ್ತು. ಸಕಲೇಶಪುರಕ್ಕೆ ಇದ್ದ ದೂರ ಸುಮಾರು 50. ಮೇಲ್ನೋಟಕ್ಕೆ ಸಾಲುವಂತಿತ್ತು. ಆದರೆ ಫಲಕದ ಆ ಅಂಕಿ ಅದುವರೆಗೆ ನಾವು ಓಡಿಸಿಕೊಂಡು ಬಂದ ಸಮತಟ್ಟಾದ ದಾರಿಯ ಅನುಭವದಿಂದ ಹುಟ್ಟಿದ ಊಹೆ. ಮುಂದೆ ಘಟ್ಟವಿದೆಯೆಂಬುದು ಅದಕ್ಕೆ ಗೊತ್ತಿರಲಿಲ್ಲ. ಜನರೂ ಸಾಮಾನೂ ಸೇರಿ 1700 ಕಿಲೋಗ್ರಾಮ್ ತೂಗುವ ಕಾರನ್ನು ಅಲ್ಲಿಂದ ಸಕಲೇಶಪುರದವರೆಗೆ, ಎಂದರೆ ಹೆಚ್ಚುಕಡಮೆ 850 ಮೀಟರ್ ಎತ್ತರಕ್ಕೆ, ಎತ್ತುವ ಕೆಲಸವೊಂದಕ್ಕೇ ಸುಮಾರು 4 ಯೂನಿಟ್ ಬೇಕು. ಅದು ದೂರದ ಖರ್ಚಿನ ಮೇಲಣ ಖರ್ಚು. ಇಳಿಯುವಾಗ ಮೋಟಾರು ತಾನೇ ಜನರೇಟರಾಗಿ ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ಹಿಂದಕ್ಕೆ ಕೊಡುವುದುಂಟು, ಏರುವವನಿಗೆ ಅದರಿಂದೇನು? ಕಾಡಿನ ನಡುವೆ, ಲಾರಿಗಳ ಸಾಲಿನಲ್ಲಿ, ಕತ್ತಲಲ್ಲಿ, ಎಪ್ಪತ್ತೆಂಟು ವರ್ಷದ ತಾಯಿಯೊಡನೆ ನಿಂತುಹೋಗುವ ಚಿತ್ರವು ಕಣ್ಣಿನ ಮುಂದೆ ಬಂದಾಗ ಆದ ಸಂಕಟವನ್ನು ನಾನು ಮರೆತಿಲ್ಲ.

ರಸ್ತೆಯ ಆಚೆಬದಿಯಲ್ಲಿ ಒಂದು ಸಣ್ಣ ಹೋಟೆಲು. ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದ ಅದರ ಯಜಮಾನರು ಹತ್ತಿರ ಬಂದು, "ಅದು ಹದಿನೈದು ದಿವಸದಿಂದ ಹಾಳಾಗಿ ಉಂಟು ಮಾರಾಯ್ರೆ. ಗಾಡಿ ಆಚೆ ತನ್ನಿ, ಒಳಗೆ ಗ್ರೈಂಡರಿನ ಪಾಯಿಂಟ್ ಉಂಟು, ಅದಕ್ಕೆ ಹಾಕುವ," ಎಂದರು. ಅಡುಗೆಮನೆಯ ಕಿಟಕಿಯಿಂದ ವಯರನ್ನು ಒಳಕ್ಕೆ ತೂರಿಸಿ, ಗ್ರೈಂಡರನ್ನು ಬಿಡಿಸಿ, ಆ 15 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿದೆವು. ಗಂಟೆಗೆ 3 ಯೂನಿಟ್ಟಿಗೂ ಕಡಮೆ. ಇದಕ್ಕಿಂತ ನಿಧಾನವಾಗಿ ಚಾರ್ಜ್ ಮಾಡುವ ಬಗೆಯೇ ಇಲ್ಲವೆನ್ನಬೇಕು. ಆದರೂ ಕಾರಿನ ಮೂತಿಯಲ್ಲಿ ಹಸಿರು ದೀಪ ಮಿನುಗಿದ ಕೂಡಲೇ ನಮ್ಮೆಲ್ಲರ ಎದೆಯ ಭಾರ ಇಳಿದುಹೋಯಿತು. ತಾಯಿಯವರು, "ಹಾಗಾದರೆ ಒಂದು ದೋಸೆ ತಿನ್ನೋಣವೇನೋ," ಎಂದರು. ಎರಡು ಗಂಟೆಯ ಮೇಲೆ 5 ಯೂನಿಟ್ ಸೇರಿತು. ಸಕಲೇಶಪುರವನ್ನು ಮುಟ್ಟಿದಾಗ ಬ್ಯಾಟರಿಯಲ್ಲಿ ನೂರಕ್ಕೆ ಐದರಷ್ಟು ಉಳಿದಿತ್ತು.

ಆ ಎರಡು ಗಂಟೆಗಳಲ್ಲಿ ನನಗೆ ಮನದಟ್ಟಾದ ಸಂಗತಿಯೆಂದರೆ, ಕಾಯುವಿಕೆ ಬೇರೆ, ಅಳುಕು ಬೇರೆ ಎಂಬುದು. ಇವೆರಡನ್ನೂ ನಾವು ಒಂದೇ ಉಸುರಿನಲ್ಲಿ ಹೇಳುತ್ತೇವೆ. ಕಾಯುವುದು ಕಾಲದ ನಷ್ಟ. ಅದನ್ನು ಮೊದಲೇ ಲೆಕ್ಕ ಹಾಕಿ, ಊಟಕ್ಕೋ ಕಾಫಿಗೋ ಹೊಂದಿಸಿಕೊಂಡು ಸಹಿಸಬಹುದು. ಅಳುಕು ಹುಟ್ಟುವುದು ಮುಂದೇನೆಂಬುದು ತಿಳಿಯದ ಕಡೆಯಲ್ಲಿ. ಅತ್ಯಂತ ನಿಧಾನವಾದ ಪ್ಲಗ್ಗು, ಅದು ಖಚಿತವಾಗಿ ಕೆಲಸ ಮಾಡಿದ್ದರಿಂದ, ನಮ್ಮ ಭಯವನ್ನು ಪೂರ್ತಿಯಾಗಿ ಕಳೆಯಿತು. ಅದಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ಶಕ್ತಿಯ ಯಂತ್ರವು, ಅದನ್ನು ನಂಬಲಾಗದಿದ್ದುದರಿಂದ, ಭಯವನ್ನು ಹುಟ್ಟಿಸಿತು.

ಪೆಟ್ರೋಲಿನ ಕಾರೂ ಹುಟ್ಟಿದಂದಿನಿಂದಲೇ ಈ ನಂಬಿಕೆಯನ್ನು ಪಡೆದುಕೊಂಡು ಬಂದದ್ದಲ್ಲ. 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಎಂಬಾಕೆಯು ತನ್ನ ಗಂಡ ಕಾರ್ಲ್ ಬೆಂಜನು ನಿರ್ಮಿಸಿದ್ದ ಮೂರು ಚಕ್ರದ ವಾಹನದಲ್ಲಿ, ಅವನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಸುಮಾರು ನೂರು ಕಿಲೋಮೀಟರ್ ಪ್ರಯಾಣ ಮಾಡಿದಳು. ಇಂಧನ ತೀರಿದಾಗ ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಲಿಗ್ರೊಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದಳು. ದಿಣ್ಣೆಗಳನ್ನು ಏರಲಾರದ ಗಾಡಿಯನ್ನು ಮಕ್ಕಳೊಡನೆ ನೂಕಿದಳು. ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಆ ಔಷಧದಂಗಡಿಗೂ ನನ್ನ ನೆಲ್ಯಾಡಿಯ ಅಡುಗೆಮನೆಗೂ ಸಂಬಂಧವಿದೆಯೆಂದೇ ನನ್ನ ಭಾವನೆ. ಮುಂದಿನ ದಶಕಗಳಲ್ಲಿ ಪೆಟ್ರೋಲನ್ನು ತಗಡಿನ ಡಬ್ಬಗಳಲ್ಲಿ ಊರೂರಿಗೂ ಹೊತ್ತು ಮಾರಬಹುದಾಗಿತ್ತು. ವಿದ್ಯುಚ್ಛಕ್ತಿಯನ್ನು ಹಾಗೆ ಹೊರಲಾಗುತ್ತಿರಲಿಲ್ಲ. ಅಮೆರಿಕದ ನಗರಗಳಲ್ಲಿ ಒಂದು ಕಾಲಕ್ಕೆ ಬಹು ಜನಪ್ರಿಯವಾಗಿದ್ದ ವಿದ್ಯುತ್ ಕಾರುಗಳು ತಂತಿ ಹರಿಯದ ಹಳ್ಳಿಗಳ ದಾರಿಯಲ್ಲಿ ಸೋತುಹೋದದ್ದಕ್ಕೆ ಇದೂ ಒಂದು ಕಾರಣ. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ, ಸೀಸದ ಬ್ಯಾಟರಿಗಳನ್ನು ಹೊತ್ತು 80 ಕಿಲೋಮೀಟರ್ ಓಡುತ್ತಿದ್ದ ಆ ಪುಟ್ಟ ಕಾರು, ಲಂಡನ್ನಿನ ಬೀದಿಗಳವರೆಗೆ ಹೋಯಿತಾದರೂ, ಊರಿನ ಗಡಿಯನ್ನು ದಾಟುವ ಆಸೆಯನ್ನು ಅದನ್ನು ಕೊಂಡವರು ಇಟ್ಟುಕೊಂಡಿರಲಿಲ್ಲ.

ಇನ್ನು ಕಾಲದ ಮಾತು. 40 ಯೂನಿಟ್ಟಿನ ಬ್ಯಾಟರಿಯನ್ನು ಹೆದ್ದಾರಿಯ ಒಳ್ಳೆಯ ಯಂತ್ರವೊಂದು ಹತ್ತರಿಂದ ಎಂಬತ್ತು ಶೇಕಡಾಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಏರಿಸಬಲ್ಲುದು. ಆದರೆ ಕೊನೆಯ ಇಪ್ಪತ್ತು ಶೇಕಡಾಕ್ಕೆ ಹಿಡಿಯುವ ಹೊತ್ತು ಸಹನೆಯನ್ನು ಪರೀಕ್ಷಿಸುತ್ತದೆ. ಕೊಡದ ಕಂಠಕ್ಕೆ ನೀರು ಬಂದಾಗ ನಲ್ಲಿಯನ್ನು ಸಣ್ಣಗೆ ತಿರುಗಿಸುವುದಿಲ್ಲವೆ? ಹಾಗೆಯೇ, ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತ ಅಲ್ಲಿನ ಎಡೆಯೆಲ್ಲ ಭರ್ತಿಯಾಗುತ್ತ ಬಂದಾಗ, ಪ್ರವಾಹವನ್ನು ಬಲವಂತವಾಗಿ ನೂಕಿದರೆ ಅವು ಒಳಗೆ ಹೋಗದೆ ಮೇಲ್ಮೈಯಲ್ಲಿ ಲೋಹವಾಗಿ ಹೆಪ್ಪುಗಟ್ಟಿ ಬ್ಯಾಟರಿಯ ಆಯುಸ್ಸನ್ನು ಕಡಮೆ ಮಾಡುತ್ತವೆ; ಆದುದರಿಂದ ಕಾರೇ ಪ್ರವಾಹವನ್ನು ತಗ್ಗಿಸಿಕೊಳ್ಳುತ್ತದೆ. ಇದನ್ನು ಅರಿತವನು ಎಂಬತ್ತಕ್ಕೆ ಗನ್ನನ್ನು ತೆಗೆದು ಮುಂದಕ್ಕೆ ಹೊರಟು, ಮುಂದಿನ ಸ್ಟೇಷನ್ನಿನಲ್ಲಿ ಮತ್ತೆ ಸ್ವಲ್ಪ ತುಂಬಿಸಿಕೊಳ್ಳುವುದೇ ಲಾಭ. ಆದರೆ ಹಾಗೆ ಮಾಡಬೇಕಾದರೆ ಮುಂದಿನದು ಕೆಲಸ ಮಾಡುತ್ತದೆಂಬ ಧೈರ್ಯ ಬೇಕು. ಆ ಧೈರ್ಯವಿಲ್ಲದವನು ನೂರರವರೆಗೆ ತುಂಬಿಸುತ್ತ ಕೂರುತ್ತಾನೆ. ಅವನ ಹಿಂದೆ ನಿಂತವರು ಅವನಿಗಾಗಿ ಕಾಯುತ್ತಾರೆ. ಹೀಗೆ ಒಂದು ಕೆಟ್ಟ ಯಂತ್ರದ ಅಪನಂಬಿಕೆಯು ಒಳ್ಳೆಯ ಯಂತ್ರದ ಮುಂದೆ ಸಾಲನ್ನು ಬೆಳೆಸುತ್ತದೆ.

ಈ ಎಲ್ಲಕ್ಕೂ ದೊಡ್ಡ ಬ್ಯಾಟರಿಯೇ ಪರಿಹಾರವೆನ್ನುವವರಿದ್ದಾರೆ. ನಮ್ಮ ದೇಶದ ಕಾರುಗಳಲ್ಲಿಯೇ ಈಗ 79 ಯೂನಿಟ್ಟಿನ ಬ್ಯಾಟರಿ ಬಂದಿದೆ. ಶಕ್ತವಾದ ಯಂತ್ರ ಸಿಕ್ಕಿದರೆ ಅವು ಬಹು ಬೇಗ ತುಂಬಿಕೊಳ್ಳುತ್ತವೆಯೆಂಬುದೂ ನಿಜ. ಆದರೆ ವರ್ಷಕ್ಕೆ ನಾಲ್ಕು ಬಾರಿ ಮಂಗಳೂರಿಗೆ ಹೋಗುವವನು, ಉಳಿದ ಮುನ್ನೂರೈವತ್ತು ದಿನಗಳೂ ಬಸವನಗುಡಿಯಿಂದ ಕಚೇರಿಗೆ ಹೋಗಿಬರುವಾಗ, ತನಗೆ ಬೇಡವಾದ ಇನ್ನೂರು ಮುನ್ನೂರು ಕಿಲೋಗ್ರಾಮನ್ನು ಹೊತ್ತು ತಿರುಗಬೇಕೆ? ಅದಕ್ಕಾಗಿ ಲಕ್ಷಾಂತರ ರೂಪಾಯಿಗಳನ್ನು ಹೆಚ್ಚಾಗಿ ತೆರಬೇಕೆ? ಭೂಗರ್ಭದಿಂದ ಲಿಥಿಯಂ ನಿಕ್ಕಲುಗಳನ್ನು ಅಷ್ಟರಮಟ್ಟಿಗೆ ಹೆಚ್ಚು ಅಗೆಯಬೇಕೆ? ದಾರಿಯಲ್ಲಿ ನೀರು ಸಿಕ್ಕುವುದಿಲ್ಲವೆಂದು ಪ್ರತಿಯೊಬ್ಬನೂ ತನ್ನ ತನ್ನ ಹಂಡೆಯನ್ನು ತಲೆಯ ಮೇಲೆ ಹೊತ್ತು ನಡೆಯುವಂಥ ವ್ಯವಸ್ಥೆಯಿದು. ಸಾರ್ವಜನಿಕವಾದ ಕೊರತೆಯೊಂದಕ್ಕೆ ಹಣವಿದ್ದವನು ಕೊಂಡುಕೊಳ್ಳುವ ಖಾಸಗಿ ಉತ್ತರ.

ಇಲ್ಲಿ ಒಂದು ಆಕ್ಷೇಪವನ್ನು ನಾನು ಗೌರವದಿಂದ ಕೇಳಬೇಕಾಗಿದೆ. ನಡುವೆ ನಿಲ್ಲುವುದು ದೇಹಕ್ಕೂ ಮನಸ್ಸಿಗೂ ಹಿತವೆಂದು ಹೇಳುವವರನ್ನು ಕಂಡಿದ್ದೇನೆ; ಸಂಸಾರದೊಡನೆ ವಿಹಾರಕ್ಕೆ ಹೊರಟವರ ಮಟ್ಟಿಗೆ ಅದು ಸರಿ. ಆದರೆ ಬಾಡಿಗೆಯ ಕಾರನ್ನು ಓಡಿಸಿ ಬದುಕುವವನಿಗೆ ಒಂದು ಗಂಟೆಯೆಂದರೆ ಒಂದು ಬಾಡಿಗೆ. ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುತ್ತಿರುವವರಿಗೆ ಅದು ಇನ್ನೂ ಬೆಲೆಯುಳ್ಳದ್ದು. ಇಂಥವರ ಮುಂದೆ ನಿಂತು ನಿಧಾನದ ಸೊಗಸನ್ನು ಬಣ್ಣಿಸಲು ನನಗೆ ಮನಸ್ಸು ಬರುವುದಿಲ್ಲ. ಚಾರ್ಜ್ ಮಾಡುವ ಕಾಲವು ಇನ್ನೂ ಇಳಿಯಬೇಕು. ಆದರೆ ಇವರಿಗೂ ಮೊದಲು ಬೇಕಾದದ್ದು, ಒಂದು ಗಂಟೆಯೆಂದರೆ ಒಂದೇ ಗಂಟೆಯೆಂಬ ಭರವಸೆ.

ನಮ್ಮ ನಾಡಿನ ದಾರಿಗಳಿಗೆ ಈ ಭರವಸೆ ಹೊಸದಲ್ಲ. ಬೇಸಗೆಯಲ್ಲಿ ಮರದ ನೆರಳಿನಲ್ಲಿ ಚಪ್ಪರ ಹಾಕಿ, ಗುಡಾಣಗಳಲ್ಲಿ ನೀರನ್ನೂ ಮಜ್ಜಿಗೆಯನ್ನೂ ಇಟ್ಟ ಅರವಟ್ಟಿಗೆಗಳನ್ನು ನೆನೆಯಿರಿ. ಅರವಟ್ಟಿಗೆಗಾಗಿ ಬಿಟ್ಟ ದತ್ತಿಗಳ ಉಲ್ಲೇಖವು ನಮ್ಮ ಶಾಸನಗಳಲ್ಲಿದೆ. ಭೂಮಿಯನ್ನು ದತ್ತಿಯಾಗಿ ಬಿಡುವುದರ ಅರ್ಥವೇನು? ಚಪ್ಪರವನ್ನು ಒಂದು ದಿನ ಕಟ್ಟಿಬಿಡಬಹುದು; ನೀರನ್ನು ದಿನದಿನವೂ ಸೇದಿ ತುಂಬಬೇಕು; ತುಂಬುವವನು ಉಣ್ಣಬೇಕು. ಆದ್ದರಿಂದ ವರ್ಷವರ್ಷವೂ ಫಲ ಕೊಡತಕ್ಕ ಭೂಮಿಯನ್ನು ಅದಕ್ಕೆ ಕಟ್ಟಿದರು. ನಾವು ಚಪ್ಪರಗಳನ್ನು ಹಾಕುತ್ತಿದ್ದೇವೆ. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿಯೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ನೀತಿಯನ್ನು ರೂಪಿಸಿದ ರಾಜ್ಯ ನಮ್ಮದು. ಹೆದ್ದಾರಿಯ ಎರಡೂ ಬದಿಗೆ 25 ಕಿಲೋಮೀಟರಿಗೊಂದರಂತೆ ಚಾರ್ಜಿಂಗ್ ಸ್ಟೇಷನ್ ಇರಬೇಕೆಂದು ಕೇಂದ್ರದ ವಿದ್ಯುತ್ ಮಂತ್ರಾಲಯವು 2018ರಲ್ಲಿ ಹೇಳಿತು. ಅಂತರವನ್ನು ನಕ್ಷೆಯ ಮೇಲೆ ಅಳೆಯಬಹುದು. ಅಳೆಯಲು ಕಷ್ಟವಾದದ್ದು, ಇಂದು ರಾತ್ರಿ ಎಂಟು ಗಂಟೆಗೆ ಆ ಯಂತ್ರ ನಡೆಯುತ್ತಿದೆಯೇ ಎಂಬುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸರಕಾರದ ಹಣದಿಂದ ಹೆದ್ದಾರಿಗಳಲ್ಲಿ ನೆಡುವ ಯಂತ್ರಗಳು ವರ್ಷದಲ್ಲಿ ನೂರಕ್ಕೆ 97 ಪಾಲಿಗಿಂತ ಹೆಚ್ಚು ಕಾಲ ಸುಸ್ಥಿತಿಯಲ್ಲಿರಬೇಕೆಂದು 2023ರಲ್ಲಿ ನಿಯಮ ಮಾಡಿದರು. ಐರೋಪ್ಯ ಒಕ್ಕೂಟದ ನಿಯಮದಂತೆ 2024ರಿಂದ ಹೊಸದಾಗಿ ಹಾಕುವ ವೇಗದ ಯಂತ್ರಗಳು ಬ್ಯಾಂಕಿನ ಸಾಮಾನ್ಯ ಕಾರ್ಡಿನಿಂದಲೇ ಹಣವನ್ನು ಸ್ವೀಕರಿಸಬೇಕು. ನಮ್ಮಲ್ಲಿ ಪ್ರಯಾಣಿಕನು ಒಂದೊಂದು ಕಂಪನಿಗೆ ಒಂದೊಂದು ಆಪನ್ನು ಇಳಿಸಿಕೊಂಡು, ಒಂದೊಂದರಲ್ಲಿಯೂ ಮುಂಗಡವಾಗಿ ಹಣ ಕಟ್ಟಿ, ನೆಟ್‌ವರ್ಕ್ ಸಿಕ್ಕದ ಘಟ್ಟದ ತಪ್ಪಲಿನಲ್ಲಿ ಮೊಬೈಲನ್ನು ಎತ್ತಿ ಹಿಡಿದು ನಿಲ್ಲಬೇಕಾಗಿದೆ. ಹಾಲಿನ ಅಂಗಡಿಯಲ್ಲಿ ಹತ್ತು ರೂಪಾಯಿಗೂ ಯುಪಿಐ ನಡೆಯುವ ನಾಡಿನಲ್ಲಿ ಇದನ್ನು ಸರಿಪಡಿಸುವುದು ಅಸಾಧ್ಯವೆಂದು ಯಾರೂ ಹೇಳಲಾರರು. ಯಂತ್ರವನ್ನು ನೆಟ್ಟವನಿಗೆ ಕೊಡುವ ಸಹಾಯಧನದಲ್ಲಿ ಒಂದು ಭಾಗವನ್ನು ತಡೆದಿಟ್ಟು, ಅದು ನಡೆದ ದಿನಗಳ ಲೆಕ್ಕದ ಮೇಲೆ ವರ್ಷವರ್ಷವೂ ಕೊಟ್ಟರೆ, ಭೂಮಿಯನ್ನು ದತ್ತಿ ಬಿಟ್ಟವರ ವಿವೇಕವನ್ನೇ ನಾವು ಇಂದಿನ ಹಣಕಾಸಿನ ಭಾಷೆಯಲ್ಲಿ ಅನುಸರಿಸಿದಂತಾಗುತ್ತದೆ.

ಕಳೆದ ಚಳಿಗಾಲದಲ್ಲಿ ಮತ್ತೆ ಆ ದಾರಿಯಲ್ಲಿ ಹೋಗುತ್ತಿದ್ದಾಗ, ಚಾರ್ಜ್ ಬೇಕಾಗಿರದಿದ್ದರೂ, ಆ ಹೋಟೆಲಿನ ಮುಂದೆ ಕಾರನ್ನು ನಿಲ್ಲಿಸಿದೆ. ಹೊರಗಣ ಗೋಡೆಗೆ, ಮಳೆ ಬೀಳದಂತೆ ತಗಡಿನ ಸಣ್ಣ ಮಾಡೊಂದನ್ನು ಇಳಿಸಿ, ಅದರ ಕೆಳಗೆ 15 ಆಂಪಿಯರಿನ ಹೊಸ ಪ್ಲಗ್ಗನ್ನೂ ಪಕ್ಕದಲ್ಲಿ ಒಂದು ಮೀಟರನ್ನೂ ಕೂರಿಸಿದ್ದರು. ಯಜಮಾನರು ಗುರುತು ಹಿಡಿದು, ತಾಯಿಯವರ ಯೋಗಕ್ಷೇಮವನ್ನು ವಿಚಾರಿಸಿದರು. ಪ್ಲಗ್ಗಿನ ವಿಷಯ ಕೇಳಿದ್ದಕ್ಕೆ, "ವಾರಕ್ಕೆ ಎರಡು ಮೂರು ಗಾಡಿ ಬರ್ತದೆ. ವಯರು ಒಳಗೆ ಎಳೆದ್ರೆ ದೋಸೆ ಹೊಯ್ಯುವವನ ಕಾಲಿಗೆ ಸಿಕ್ತದೆ. ಹಾಗೆ ಹೊರಗೆ ಹಾಕಿಸಿದ್ದು," ಎಂದರು.